ಮಗುಚಿಟ್ಟ ಮುಚ್ಚಳ

ನೈವೇದ್ಯದ ಹುಳಿಗೆ ಸಿಹಿಗುಂಬಳ ಹೆಚ್ಚುತ್ತಿದ್ದಾಗ ಶಿಕಾರಿಪುರದಿಂದ ಮಗಳ ಫೋನು ಬಂತು. ಅಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಳು. ಅಂದು ಹನ್ನೊಂದಕ್ಕೆ ಅವಳ ಪ್ರಾಜೆಕ್ಟ್ ಪರೀಕ್ಷೆ. ಹೋದ ವರ್ಷ ಅದರಲ್ಲೇ ಫೇಲಾಗಿದ್ದಳು.

“ಅಮ್ಮಾ, ಕೊಕ್ಕರೆ ಎಲ್ಲಾ ಕೆಟ್ಟೋಗಿದಾವೆ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಓದು ಬಿಟ್ಟು ಸೊರಬಕ್ಕೆ ಬಂದ್ಬಿಡ್ತೀನಿ.”

ಕುಂಬಳದ ಹೋಳು ಕೈಜಾರಿತು. ಈಳಿಗೆ ತಾಗಲಿಲ್ಲ, ಅದೊಂದು ದೇವರ ದಯೆ.

ತಾಳಗುಂದದ ಗದ್ದೆಗಳ ಮೇಲೆ ಕೊಕ್ಕರೆ ಹಿಂಡು ಹಾರುವ ಚಿತ್ರವನ್ನು ಅವಳು ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು. ಕೊಕ್ಕರೆ ಹೇಗಿರಬೇಕು, ಹೇಗೆ ಹಾರಬೇಕು ಎಂದು ಒಂದೇ ಸಲ ಬರೆಯುತ್ತಾರಂತೆ; ಅದು ಕ್ಲಾಸ್. ಆ ಅಚ್ಚಿನಿಂದ ಎಷ್ಟು ಬೇಕಾದರೂ ಕೊಕ್ಕರೆ ತೆಗೆಯಬಹುದು. ಒಂದೊಂದೂ ಒಂದು ಆಬ್ಜೆಕ್ಟ್. ನಾಲ್ಕು ಕಂಪ್ಯೂಟರು ಒಟ್ಟಿಗೆ ಸೇರಿ ಅವನ್ನು ಹಾರಿಸುತ್ತವೆ. ಕೇಳಿದಾಗ ನನಗೆ ಚಕ್ಕುಲಿ ಒರಳು ನೆನಪಾಗಿತ್ತು.

“ಏನಾಗಿದೆ, ಸರಿಯಾಗಿ ಹೇಳೇ.”

“ಜಿಗಿದು ಜಿಗಿದು ಹೋಗ್ತಾವೆ. ಒಂದೇ ಕೊಕ್ಕರೇನ ಎರಡು ಕಂಪ್ಯೂಟರ್ ಮುಂದೆ ತಳ್ತಾವೆ. ಒಂದು ತಳ್ಳಿದ್ದು ಇನ್ನೊಂದಕ್ಕೆ ಗೊತ್ತಾಗಲ್ಲ.”

“ಒಂದೇ ಕಂಪ್ಯೂಟರಿಗೆ ಕೊಡು ಹಂಗಾದ್ರೆ.”

“ಸಾಯಂಕಾಲ ಆಗುತ್ತೆ. ಸುಮ್ನಿರು ನೀನು.”

ಸುಮ್ಮನಿರಲಾಗಲಿಲ್ಲ. “ನಾನೂ ನಿನ್ನ ಚಿಕ್ಕಮ್ಮನೂ ಇಬ್ರೂ ಹುಳಿಗೆ ಉಪ್ಪು ಹಾಕಿದಂಗಾಯ್ತಲ್ಲೇ. ಮುಚ್ಚಳ ಮಗುಚಿಡಲ್ವಾ ಅವು?”

ನೈವೇದ್ಯದ ಅಡುಗೆಯನ್ನು ನಾವು ರುಚಿ ನೋಡುವಂತಿಲ್ಲ. ಅದಕ್ಕೇ ಉಪ್ಪು ಹಾಕಿದವರು ಉಪ್ಪಿನ ಮರಿಗೆಯ ಮುಚ್ಚಳವನ್ನು ಮಗುಚಿಡಬೇಕು. ಮಗುಚಿದ್ದು ಕಂಡರೆ ಇನ್ನೊಬ್ಬರು ಮುಟ್ಟುವುದಿಲ್ಲ. ಅತ್ತೆಯವರ ಕಾಲದಿಂದ ಬಂದದ್ದು.

ಮಗಳು ಬೈಯುತ್ತಾಳೆಂದುಕೊಂಡೆ. “ಒಂದೊಂದು ಕೊಕ್ಕರೆಗೂ ಒಂದೊಂದು ಮುಚ್ಚಳ,” ಎಂದು ತನ್ನಷ್ಟಕ್ಕೆ ಅಂದುಕೊಂಡು ಫೋನಿಟ್ಟಳು.

ಆಮೇಲೆ ಭಯ ಇನ್ನೂ ಹೆಚ್ಚಾಯಿತು. ತಿಳಿಯದ ವಿಷಯಕ್ಕೆ ಬಾಯಿ ಹಾಕಿ ಉಳಿದದ್ದನ್ನೂ ಕೆಡಿಸಿದೆನೇನೋ. ಹುಳಿಯನ್ನು ಒಲೆಯ ಮೇಲಿಟ್ಟು ದೇವರ ಮುಂದೆ ಕೂತೆ. ಸ್ತೋತ್ರದ ಸಾಲುಗಳು ತಪ್ಪಿಹೋಗುತ್ತಿದ್ದವು. ಹನ್ನೊಂದು ಹೊಡೆಯಿತು. ಫೋನಿಲ್ಲ. ಹನ್ನೊಂದೂವರೆ. ಬಸ್ಸು ಹತ್ತಿ ಬರುತ್ತಿದ್ದಾಳೆ ಎಂದೇ ಅನ್ನಿಸಿತು. ವಾರಗಿತ್ತಿ ಬಾಗಿಲಲ್ಲಿ ನಿಂತು, “ಅಕ್ಕಾ, ದೇವ್ರನ್ನ ಅಷ್ಟು ದಿಟ್ಟಿಸಬೇಡಿ, ಅವನೂ ಹೆದರ್ಕೊಂಡಾನು,” ಎಂದಳು. ನಗು ಬರಲಿಲ್ಲ.

ಹನ್ನೆರಡಕ್ಕೆ ಫೋನು. “ಮುಚ್ಚಳ ಇಟ್ಟೆ, ಜಿಗಿಯೋದು ನಿಂತಿತಮ್ಮ. ಕಂಪ್ಯೂಟರ್ ಒಂದಕ್ಕೊಂದು ಕಾಯೋದ್ರಿಂದ ಕೊಕ್ಕರೆ ಸ್ವಲ್ಪ ನಿಧಾನ ಆದ್ವು. ಸರ್ ನೋಡಿ, ಕೊಕ್ಕರೆಗಳಿಗೆ ವಯಸ್ಸಾಗಿದೆಯೇನಮ್ಮ ಅಂದ್ರು. ಪಾಸ್ ಅಂತ ಸಹಿ ಹಾಕಿದ್ರು.”

ಅಡುಗೆಮನೆಗೆ ಹೋದೆ. ಹುಳಿ ಕುದಿಯುತ್ತಿತ್ತು. ಆ ಗಾಬರಿಯಲ್ಲಿ ಉಪ್ಪು ಹಾಕಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮರಿಗೆ ನೋಡಿದೆ. ಮುಚ್ಚಳ ನೆಟ್ಟಗಿತ್ತು. ಉಪ್ಪು ಹಾಕಿ, ಮಗುಚಿಟ್ಟೆ.