ಗೆರೆಯಿಲ್ಲದ ಮಾತ್ರೆ

ಗೆರೆ ಮೇಷ್ಟ್ರು ಎಂದೂ ಯಾವ ಶಾಲೆಯಲ್ಲಿಯೂ ಪಾಠ ಹೇಳಿದವರಲ್ಲ. ಗಾಜು ಕೊಯ್ಯುವುದು ಅವರ ಕಸುಬು. ನಲವತ್ತೊಂದು ವರ್ಷಗಳಿಂದ ಒಂದೇ ಅಂಗಡಿಯಲ್ಲಿ, ಒಂದೇ ಮೇಜಿನ ಮುಂದೆ ನಿಂತು, ಕಿಟಕಿಗೆ, ಕಪಾಟಿಗೆ, ಗೋಡೆಯ ಚಿತ್ರಪಟಕ್ಕೆ, ಮುಖ ನೋಡುವ ಕನ್ನಡಿಗೆ ಬೇಕಾದ ಅಳತೆಯಲ್ಲಿ ಗಾಜನ್ನು ಕೊಯ್ದು ಕೊಡುತ್ತ ಬಂದವರು. ಅಳತೆಪಟ್ಟಿಯ ಆಸರೆಯಿಲ್ಲದೆ, ವಜ್ರದ ಮೊನೆಯನ್ನು ಬರಿಗೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಅವರು ಎಳೆದ ಗೆರೆಯನ್ನು ಕಂಡು ಬಡಗಿಯೊಬ್ಬ ಬೆರಗಾಗಿ ಮೊದಲು ಹಾಗೆ ಕರೆದನಂತೆ. ಆಮೇಲೆ ಬೀದಿಯೆಲ್ಲ ಕರೆಯಿತು. ಮನೆಯಾಕೆ ಕೂಡ ಮುನಿಸು ಬಂದಾಗ ಹಾಗೆಯೇ ಕರೆಯುತ್ತಿದ್ದರು.

ಗಾಜು ಕೊಯ್ಯುವುದು ಎಂದು ನಾವು ಅನ್ನುತ್ತೇವೆಯೇ ಹೊರತು ನಿಜಕ್ಕೂ ಅಲ್ಲಿ ಕೊಯ್ಯುವುದೇನೂ ಇಲ್ಲ. ಗಾಜಿನ ಮೈಮೇಲೆ ಕೂದಲೆಳೆಯಷ್ಟು ಗೀರು ಬೀಳಬೇಕು. ಆ ಗೀರಿನ ಗುಂಟ ಮೆಲ್ಲನೆ ಒತ್ತಿದರೆ ಗಾಜು ತಾನಾಗಿಯೇ ಎರಡಾಗುತ್ತದೆ. ಆದರೆ ಗೀರು ಒಂದೇ ಉಸಿರಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಸಾಗಬೇಕು. ನಡುದಾರಿಯಲ್ಲಿ ಕೈ ತಡೆದರೆ, ತಡೆದಲ್ಲಿಂದ ಮುಂದೆ ಗಾಜು ನಮ್ಮ ಮಾತು ಕೇಳುವುದಿಲ್ಲ. ತನಗೆ ತೋಚಿದ ಕಡೆ ಸೀಳಿಕೊಂಡು ಹೋಗುತ್ತದೆ.

ಅಂಥ ಕೈಗೆ ಮೂರು ವರ್ಷಗಳ ಹಿಂದೆ ನಡುಕ ಬಂದಿತು. ಸುಮ್ಮನೆ ಕುಳಿತಾಗ ಬಲಗೈಯ ಹೆಬ್ಬೆರಳು ತೋರುಬೆರಳನ್ನು ತೀಡುತ್ತಿತ್ತು, ಕಣ್ಣಿಗೆ ಕಾಣದ ಜಪಮಣಿಯೊಂದನ್ನು ಸರಿಸುತ್ತಿರುವಂತೆ. "ಏನ್ರೀ, ಕೂತಲ್ಲೇ ಭಕ್ತಿ ಉಕ್ಕಿ ಬಂತಾ?" ಎಂದು ಮನೆಯಾಕೆ ನಕ್ಕಿದ್ದರು. ವೈದ್ಯರು ನಗಲಿಲ್ಲ; ಪಾರ್ಕಿನ್ಸನ್ ಕಾಯಿಲೆ ಎಂದರು. ವಿಚಿತ್ರವೆಂದರೆ ವಜ್ರದ ಮೊನೆಯನ್ನು ಹಿಡಿದೊಡನೆ ಆ ನಡುಕ ಬಹುಮಟ್ಟಿಗೆ ಅಡಗುತ್ತಿತ್ತು. ಮೇಷ್ಟ್ರು ಅಂಜಿದ್ದು ನಡುಕಕ್ಕಲ್ಲ, ಬಿಗಿತಕ್ಕೆ: ಎಳೆಯುತ್ತಿರುವ ಕೈ ಯಾರೋ ಹಿಂದಿನಿಂದ ಹಿಡಿದಂತೆ ನಡುವೆ ನಿಂತುಬಿಡುವ ಆ ಒಂದು ಕ್ಷಣಕ್ಕೆ.

ದೈವಕೃಪೆಯಿಂದ ಔಷಧ ಅವರಿಗೆ ಒಗ್ಗಿತು. ಮೊದಲು ಕೊಟ್ಟ ಮಾತ್ರೆಯ ನಡುವೆ ಒಂದು ಗೆರೆಯಿತ್ತು. ಅರ್ಧರ್ಧ ಮಾಡಿ ದಿನಕ್ಕೆ ಮೂರು ಹೊತ್ತು ತೆಗೆದುಕೊಳ್ಳಿ ಎಂದು ವೈದ್ಯರೇ ಹೇಳಿದ್ದರು. ಮನೆಯಾಕೆ ಅದನ್ನು ಚಾಕುವಿನಿಂದ ತುಂಡರಿಸಲು ಹೋದಾಗ ಒಂದರ್ಧ ಪುಡಿಯಾಗಿ, ಇನ್ನೊಂದರ್ಧ ಸಿಡಿದು ಒಲೆಯ ಹಿಂದೆ ಬಿದ್ದಿತು.

"ಬಿಡು, ಇದು ನಿನ್ನ ಕೈಲಾಗೋ ಕೆಲಸ ಅಲ್ಲ."

"ಓಹೋ! ಇಷ್ಟು ವರ್ಷ ನಾನೇನು ತರಕಾರೀನ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದ್ನಾ?"

ಮೇಷ್ಟ್ರು ತೆಳ್ಳನೆಯ ಅಲಗೊಂದನ್ನು ತಂದು, ಮಾತ್ರೆಯ ಗೆರೆಯ ಮೇಲೆ ನೇರವಾಗಿ ಇಟ್ಟು, ಬೆರಳಿನಿಂದ ಒಮ್ಮೆ ತಟ್ಟಿದರು. ಒಂದು ಕಣವೂ ಉದುರದೆ ಅದು ಎರಡಾಯಿತು. ಅಂದಿನಿಂದ ಪ್ರತಿ ಭಾನುವಾರ ವಾರದ ಮಾತ್ರೆಗಳನ್ನು ಕೊಯ್ದು ಡಬ್ಬಿಗೆ ತುಂಬುವುದು ಅವರ ಪಾಲಿಗೆ ಒಂದು ಸಣ್ಣ ಸಡಗರವಾಯಿತು.

ಮೂರು ವರ್ಷ ಹೀಗೆ ನಡೆಯಿತು. ಅಂಗಡಿಯ ವ್ಯವಹಾರವನ್ನು ಈಗ ಮಗಳು ನೋಡಿಕೊಳ್ಳುತ್ತಿದ್ದಳು. ನೇರ ಗೆರೆಯನ್ನು ಅವಳೂ ಚೆನ್ನಾಗಿ ಎಳೆಯಬಲ್ಲಳು. ಬಾಗಿದ ಗೆರೆ ಮಾತ್ರ ಅಪ್ಪನದೇ. ಆ ವರ್ಷ ಪಕ್ಕದ ಬೀದಿಯ ಹಳೆಯ ವಾಚನಾಲಯದವರು ತಮ್ಮ ಕಮಾನಿನ ಕಿಟಕಿಗಳಿಗೆ ಆರು ಗಾಜು ಬೇಕೆಂದು ಕೇಳಿ ಬಂದರು. "ಅಪ್ಪ ಮಾಡ್ತಾರೆ" ಎಂದು ಅವಳು ಮಾತು ಕೊಟ್ಟಳು. ಮೇಷ್ಟ್ರಿಗೆ ಮೀಸೆಯಡಿಯಲ್ಲಿಯೇ ನಗು ಬಂದಿತು.

ಅದೇ ವಾರ ವೈದ್ಯರು ಔಷಧವನ್ನು ಬದಲಿಸಿದರು. ಹಳೆಯ ಮಾತ್ರೆಯ ಬಲ ಮುಂದಿನ ಹೊತ್ತಿನವರೆಗೆ ನಿಲ್ಲುತ್ತಿಲ್ಲ, ಇನ್ನು ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು, ನಿಧಾನವಾಗಿ ಕರಗುವ ಈ ಮಾತ್ರೆ ಸಾಕು ಎಂದು ವಿವರಿಸಿದರು. ಹೇಗೆ ನುಂಗಬೇಕೆಂದೂ ಹೇಳಿದರು. ಎಂದಿನಂತೆ ಜೊತೆಗೆ ಬರಬೇಕಾಗಿದ್ದ ಮನೆಯಾಕೆ ಅಂದು ಹಲ್ಲುನೋವಿನಿಂದ ಮನೆಯಲ್ಲಿಯೇ ಉಳಿದಿದ್ದರು. ಮೇಷ್ಟ್ರ ಕಣ್ಣೋ, ವೈದ್ಯರ ಬೆನ್ನ ಹಿಂದಿದ್ದ ಬಾಗಿಲಿನ ಮೇಲೆ. ಅಲ್ಲಿ ಒಂದು ಗಾಜನ್ನು ಚೌಕಟ್ಟಿಗೆ ಹಿಡಿದಿಡಲು ಸುತ್ತ ಮೆತ್ತಿದ್ದ ಪುಟ್ಟಿ ಒಣಗಿ ಉದುರಿ, ಗಾಳಿ ಬೀಸಿದಾಗಲೆಲ್ಲ ಅದು ಕಟಕಟ ಎನ್ನುತ್ತಿತ್ತು.

"ಎಲ್ಲ ಅರ್ಥ ಆಯ್ತಾ?" ಎಂದರು ವೈದ್ಯರು.

"ಆಯ್ತು ಡಾಕ್ಟ್ರೇ. ಆದ್ರೆ ಆ ಬಾಗಿಲಿನ ಗಾಜು ಮಾತ್ರ ಬೇಗ ನೋಡ್ಕೊಳ್ಳಿ. ಯಾರ ತಲೆ ಮೇಲಾದ್ರೂ ಬಿದ್ದೀತು."

ಭಾನುವಾರ ಅಲಗನ್ನು ಹಿಡಿದು ಕುಳಿತ ಮೇಷ್ಟ್ರು ಹೊಸ ಮಾತ್ರೆಯನ್ನು ಬೆಳಕಿಗೆ ಹಿಡಿದರು; ತಿರುಗಿಸಿ ನೋಡಿದರು. ಎಲ್ಲಿಯೂ ಗೆರೆಯಿಲ್ಲ. "ನೋಡೇ, ಗೆರೆ ಹಾಕೋದನ್ನೇ ಮರೆತಿದ್ದಾರೆ. ಕೆಲಸ ಅಂದ್ರೆ ಹೀಗಾ?" ಎಂದು ಗೊಣಗಿದರು. ಗೆರೆಯಿಲ್ಲದ ಕಡೆ ಗೆರೆ ಎಳೆಯುವುದೇ ಜೀವಮಾನದ ಕಸುಬಾದವರಿಗೆ ಅದೊಂದು ತೊಡಕಾಗಿ ತೋರಲಿಲ್ಲ. ಬೆಳಗಿನ ಮಾತ್ರೆಯ ಬಲವೆಲ್ಲ ಬೆಳಿಗ್ಗೆಯೇ ಏಕೆ ತೀರಬೇಕು? ಕಮಾನಿನ ಕೆಲಸವಿರುವುದು ಮಧ್ಯಾಹ್ನ. ಅರ್ಧವನ್ನು ಅದಕ್ಕೆಂದು ಎತ್ತಿಟ್ಟರಾಯಿತು. ದಿನಕ್ಕೆ ಮೂರು ಅರ್ಧ ಎಂಬ ಹಳೆಯ ಲೆಕ್ಕವೇ ಹೊಸ ಮಾತ್ರೆಗೂ ಎಂದು ಅವರು ತಾವೇ ತೀರ್ಮಾನಿಸಿದರು. ಅಲಗು ತಟ್ಟಿತು. ಮಾತ್ರೆ ಎಂದಿನಷ್ಟೇ ಅಂದವಾಗಿ ಎರಡಾಯಿತು.

ಮರುದಿನ ತಿಂಡಿಗೆ ಮುನ್ನ ಅರ್ಧವನ್ನು ನುಂಗಿದ ಮುಕ್ಕಾಲು ಗಂಟೆಗೆ ಹೊಟ್ಟೆ ತೊಳಸಿತು. ಕುರ್ಚಿಯಿಂದ ಎದ್ದರೆ ನೆಲ ದೋಣಿಯಂತೆ ವಾಲಿತು. ಕತ್ತು ತಾನಾಗಿಯೇ ಅತ್ತಿತ್ತ ಹೊರಳತೊಡಗಿತು. ಅದೆಲ್ಲ ಅಡಗಿತು ಅನ್ನುವಷ್ಟರಲ್ಲಿ ಬಿಗಿತ ಬಂದು ಕೂತಿತು. ಮಧ್ಯಾಹ್ನದ ಅರ್ಧವೂ ಅದೇ ಕಥೆಯನ್ನು ಮತ್ತೊಮ್ಮೆ ಹೇಳಿತು. ಮಂಗಳವಾರ ಮೊದಲನೆಯ ಕಮಾನಿನ ಗಾಜು ಒಡೆಯಿತು. ಬುಧವಾರ ಎರಡನೆಯದು. ಎರಡು ಸಲವೂ ಬಾಗುವ ಗೆರೆಯ ನೆತ್ತಿಯಲ್ಲಿಯೇ ಕೈ ಗಕ್ಕನೆ ನಿಂತಿತು. ಎರಡು ಸಲವೂ ಗಾಜು ಅಡ್ಡಕ್ಕೆ ಸೀಳಿತು.

ಕಾಯಿಲೆ ಕೊನೆಗೂ ಕೈಯನ್ನು ಗೆದ್ದಿತು ಎಂದುಕೊಂಡರು ಮೇಷ್ಟ್ರು. ಅತ್ತು ಕರೆದು ರಂಪ ಮಾಡುವ ಸ್ವಭಾವ ಅವರದಲ್ಲ. ಗುರುವಾರ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ, ಮೇಜಿನ ಮೇಲಿನ ಗಾಜಿನ ಚೂರುಗಳನ್ನು ಗುಡಿಸುತ್ತ ಮಗಳಿಗೆ ಹೇಳಿದರು:

"ವಾಚನಾಲಯದೋರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳಿಬಿಡಮ್ಮ. ನಾನು ಇನ್ನು ಪುಟ್ಟಿ ಹಚ್ಕೊಂಡಿರ್ತೀನಿ. ಮೇಜು ನಿಂದು."

ಮಗಳು ಅವರ ಕೈಯಿಂದ ಪೊರಕೆಯನ್ನು ತೆಗೆದುಕೊಂಡಳು. ಆಮೇಲೆ, "ಕಳೆದ ತಿಂಗಳು ಚೆನ್ನಾಗೇ ಇದ್ರಲ್ಲ ಅಪ್ಪಾ, ಒಂದೇ ವಾರದಲ್ಲಿ ಏನಾಯ್ತು?" ಎಂದಳು.

"ವಯಸ್ಸಾಯ್ತು."

"ವಾರದಲ್ಲಿ ವಯಸ್ಸಾಗತ್ತಾ? ಕೆಲಸ ಒಂದು ವಾರ ತಡ ಆಗತ್ತೆ ಅಂತ ಮಾತ್ರ ಹೇಳ್ತೀನಿ. ಮೇಜಿನ ಮಾತು ಆಮೇಲೆ."

ಶುಕ್ರವಾರ ಬೆಳಿಗ್ಗೆ ಹೊಟ್ಟೆತೊಳಸು ತಡೆಯಲಾರದೆ ಅವರು ಬೀದಿಯ ಕೊನೆಯ ಔಷಧದಂಗಡಿಗೆ ಹೋದರು. ಅಂಗಡಿಯಾಕೆ ನೆರೆಮನೆಯವರ ಸೊಸೆ. ಬಾಯಿ ಜೋರು, ಕೆಲಸ ಚೊಕ್ಕ.

"ವಾಂತಿಗೆ ಒಂದು ಮಾತ್ರೆ ಕೊಡಮ್ಮ."

"ಹಾಗೆಲ್ಲ ಕೊಡೋಕಾಗಲ್ಲ ಮಾವ. ನಿಮ್ಮ ಕಾಯಿಲೆ ಇರೋರಿಗೆ ಕೆಲವು ವಾಂತಿ ಮಾತ್ರೆ ಆಗಲ್ಲ, ನಡುಕ ಬಿಗಿತ ಎಲ್ಲ ಜಾಸ್ತಿ ಮಾಡತ್ತೆ. ಈಗ ಏನೇನು ತಗೊಳ್ತಿದ್ದೀರಿ, ತೋರಿಸಿ."

ಮೇಷ್ಟ್ರು ಜೇಬಿನಿಂದ ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿದರು. ಆಕೆ ಬಗ್ಗಿ ನೋಡಿದಳು. ಅರ್ಧಚಂದ್ರಗಳು ಸಾಲಾಗಿ ಕುಳಿತಿದ್ದವು.

"ಇದನ್ನ ಯಾರು ಕತ್ತರಿಸಿದ್ದು?"

"ಮತ್ತ್ಯಾರು? ನಾನೇ!" ಮೇಷ್ಟ್ರ ಎದೆ ಒಂದಂಗುಲ ಉಬ್ಬಿತು. "ನೋಡು, ಒಂದು ಚೂರು ಪುಡಿ ಇದೆಯಾ ಹೇಳು. ಅವರು ಗೆರೆ ಬೇರೆ ಹಾಕಿರಲಿಲ್ಲ."

"ಅಯ್ಯೋ ಮಾವ!" ಆಕೆ ನಗಬೇಕೋ ಬಯ್ಯಬೇಕೋ ತಿಳಿಯದೆ ಹಣೆಗೆ ಕೈ ಇಟ್ಟುಕೊಂಡಳು. "ಗೆರೆ ಹಾಕಿಲ್ಲ ಅಂದ್ರೆ ಮರೆತಿದ್ದಾರೆ ಅಂತಲ್ಲ. ಇದನ್ನ ಕತ್ತರಿಸಬೇಡ, ಅಗಿಯಬೇಡ, ಪುಡಿ ಮಾಡಬೇಡ ಅಂತ. ಇದು ಹೊಟ್ಟೇಲಿ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಔಷಧ ಬಿಡೋ ಹಾಗೆ ಮಾಡಿರೋದು. ನೀವು ಒಡೆದ ಕೂಡಲೇ ಎಲ್ಲ ಒಂದೇ ಸಲಕ್ಕೆ ನುಗ್ಗಿಬಿಡತ್ತೆ. ಆಮೇಲೆ ಖಾಲಿ."

ಮೇಷ್ಟ್ರು ಅರ್ಧ ಮಾತ್ರೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಮೊದಲ ಬಾರಿಗೆ ನೋಡುವವರಂತೆ ನೋಡಿದರು. ಅವರ ಕಸುಬಿನಲ್ಲಿಯೂ ಅಂಥದೊಂದು ವಸ್ತುವಿತ್ತು. ಕುಲುಮೆಯಲ್ಲಿ ಕಾಸಿ, ತಟ್ಟನೆ ಆರಿಸಿ ಗಟ್ಟಿಮಾಡಿದ ಗಾಜು: ದೊಡ್ಡ ಅಂಗಡಿಗಳ ಬಾಗಿಲಿಗೆ ಹಾಕುವಂಥದು. ಅದನ್ನು ಗಟ್ಟಿಮಾಡುವ ಮೊದಲೇ ಅಳತೆಗೆ ಕೊಯ್ದಿರಬೇಕು. ಆಮೇಲೆ ಎಂಥ ಕೈಚಳಕದವನು ಮೊನೆ ತಾಗಿಸಿದರೂ ಇಡೀ ಗಾಜು ಕಡಲೆಕಾಳಿನಷ್ಟು ಚೂರುಚೂರಾಗಿ ಕಾಲಬುಡಕ್ಕೆ ಸುರಿಯುತ್ತದೆ. ಗೊತ್ತಿಲ್ಲದೆ ಹಾಗೆ ಕೊಯ್ಯಹೋದವರನ್ನು ಕಂಡು ಮೇಷ್ಟ್ರು ಎಷ್ಟೋ ಸಲ ನಕ್ಕಿದ್ದರು.

"ಅಂದ್ರೆ ಇದು ಗಟ್ಟಿಮಾಡಿದ ಗಾಜು" ಎಂದರು ಮೆಲ್ಲಗೆ. "ಡಾಕ್ಟ್ರು ಏನೋ ಹೇಳ್ತಾನೇ ಇದ್ರು. ನನ್ನ ಕಿವಿ ಬಾಗಿಲ ಕಡೆ ಇತ್ತು. ಹಾಗಾದ್ರೆ ಈ ಅರ್ಧಗಳನ್ನ ಎಸೆದು, ಇವತ್ತೇ ಒಂದು ಇಡೀದು ನುಂಗಿಬಿಡ್ಲಾ?"

"ನಿಮ್ಮ ಬುದ್ಧಿ ಓಡಿಸಿದ್ದು ಸಾಕು ಮಾವ! ಬೆಳಿಗ್ಗೆ ಅರ್ಧ ಹೊಟ್ಟೆ ಸೇರಿದೆ ತಾನೆ? ಅದರ ಮೇಲೆ ಇನ್ನೊಂದು ಹಾಕ್ಬೇಡಿ. ಹೆದರಿಕೊಂಡು ಪೂರ್ತಿ ನಿಲ್ಲಿಸಲೂ ಬೇಡಿ, ಅದು ಇನ್ನೂ ಅಪಾಯ. ಕೂತ್ಕೊಳ್ಳಿ, ಡಾಕ್ಟ್ರಿಗೆ ಫೋನ್ ಮಾಡ್ತೀನಿ."

ವೈದ್ಯರು ಫೋನಿನಲ್ಲಿ ಒಂದೊಂದನ್ನೇ ಬಿಡಿಸಿ ಹೇಳಿದರು. ಅಂದಿನ ಮಧ್ಯಾಹ್ನದ ಅರ್ಧ ಬೇಡ. ರಾತ್ರಿಯದನ್ನು ಅದರ ಹೊತ್ತಿಗೆ, ಇಡಿಯಾಗಿ, ನೀರಿನೊಡನೆ. ನಾಳೆಯಿಂದ ಎರಡು ಹೊತ್ತೂ ಹಾಗೆಯೇ, ಗಡಿಯಾರ ನೋಡಿಕೊಂಡು, ಊಟಕ್ಕೆ ಅರ್ಧ ಗಂಟೆ ಮುಂಚೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗುವಂತಿಲ್ಲ. ಎದ್ದು ನಿಲ್ಲುವಾಗ ಅವಸರ ಬೇಡ. ಬೇರೆ ಯಾವ ಮಾತ್ರೆ ಬೇಕೆನಿಸಿದರೂ ಮೊದಲು ಕೇಳುವುದು. ಈ ಸಲ ಮೇಷ್ಟ್ರು ಕಣ್ಣನ್ನು ಮುಚ್ಚಿಕೊಂಡು ಕೇಳಿದರು, ಯಾವ ಗಾಜೂ ಕಾಣದಂತೆ. ಕೇಳಿದ್ದನ್ನೆಲ್ಲ ಒಮ್ಮೆ ಒಪ್ಪಿಸಿದರು. ಅಂಗಡಿಯಾಕೆ ಅದನ್ನೇ ದಪ್ಪಕ್ಷರದಲ್ಲಿ ಬರೆದು ಕೈಗೆ ಕೊಟ್ಟಳು.

ಮನೆಯಲ್ಲಿ ಆ ಚೀಟಿಯನ್ನು ಓದಿದ ಮನೆಯಾಕೆ ಬಹಳ ಹೊತ್ತು ನಕ್ಕರು. "ಅಷ್ಟು ಚೆನ್ನಾಗಿ ಕೊಯ್ಯೋ ಬದಲು ನನ್ನ ಥರ ಪುಡಿ ಮಾಡಿದ್ರೆ, ಭಾನುವಾರಾನೇ ಕತ್ತರಿಸೋದು ಬಿಟ್ಟುಬಿಡ್ತಿದ್ರಿ ಅಲ್ವಾ?" ಎಂದರು. ಆಮೇಲೆ ನಗುವನ್ನು ನಿಲ್ಲಿಸಿ, ಇನ್ನು ಮುಂದೆ ಎಂಥ ಹಲ್ಲುನೋವಿದ್ದರೂ ತಾವು ಜೊತೆಗೆ ಬರುವುದಾಗಿ ಹೇಳಿ, ಅಲಗನ್ನು ಡಬ್ಬಿಯ ಪಕ್ಕದಿಂದ ಎತ್ತಿಟ್ಟರು.

ಶನಿವಾರ ಹೊಟ್ಟೆ ತಣ್ಣಗಾಯಿತು. ಸೋಮವಾರದ ಹೊತ್ತಿಗೆ ಕತ್ತಿನ ಹೊರಳಾಟ ನಿಂತಿತು. ಬುಧವಾರ ಬೆಳಗಿನಿಂದ ಸಂಜೆಯವರೆಗೆ ಬಿಗಿತ ಒಂದೆರಡು ಸಲ ಇಣುಕಿತೇ ಹೊರತು ಒಳಗೆ ಬಂದು ಕೂರಲಿಲ್ಲ. ಕಾಯಿಲೆ ಹೋಗಿರಲಿಲ್ಲ, ಹೋಗುವುದೂ ಇಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಭಗವಂತನು ಈ ಕೈಗೆ ಇಟ್ಟ ದಿನಗಳು ಮುಗಿದಿಲ್ಲವೆಂಬುದು ಅವರಿಗೆ ಬೆರಳಿನ ತುದಿಯಲ್ಲಿ ತಿಳಿಯಿತು.

ಗುರುವಾರ ಬೆಳಿಗ್ಗೆ ಅವರು ಮೇಜಿನ ಮುಂದೆ ನಿಂತಾಗ ಮಗಳು ಹಾಳೆಯಲ್ಲಿ ಕತ್ತರಿಸಿದ ಕಮಾನಿನ ಪಡಿಯಚ್ಚನ್ನು ಗಾಜಿನ ಕೆಳಗೆ ಸರಿಸಿದಳು. ಮೇಷ್ಟ್ರು ಮೊನೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಂಚಿಗೆ ಊರಿ, ಉಸಿರನ್ನು ಹಿಡಿದರು. ಸರ್ರೆಂಬ ಸಣ್ಣ ಸದ್ದು ಏರಿ, ನೆತ್ತಿಯನ್ನು ದಾಟಿ, ಇನ್ನೊಂದು ಅಂಚಿಗೆ ಇಳಿಯಿತು. ನಡುವೆ ಎಲ್ಲಿಯೂ ತಡೆಯಲಿಲ್ಲ. ಒತ್ತಿದರು. ಕಮಾನು ಬಿಡಿಸಿಕೊಂಡು ಬಂದಿತು.

"ಒಂದು" ಎಂದಳು ಮಗಳು, ಧ್ವನಿಯನ್ನು ಬಹಳ ಸಾಮಾನ್ಯವಾಗಿ ಇಟ್ಟುಕೊಂಡು.

ಮೂರು ಮುಗಿಸಿ ಕುಳಿತಾಗ ಬಲಗೈ ಮಡಿಲಲ್ಲಿ ನಡುಗತೊಡಗಿತು. ಮಗಳು ನೋಡಿದಳು. "ಸುಮ್ನೆ ಕೂತ್ರೆ ಅದರ ಬುದ್ಧಿ ಹಾಗೇ. ಕೆಲಸ ಕೊಟ್ರೆ ತೆಪ್ಪಗಿರತ್ತೆ" ಎಂದು ಮೇಷ್ಟ್ರು, ಕೀಟಲೆ ಮಾಡುವ ಮಗುವಿನ ಬಗ್ಗೆ ಮಾತಾಡುವಂತೆ ಹೇಳಿ, ಮೆಲ್ಲನೆ ಎದ್ದು, ಒಂದು ಗಳಿಗೆ ಮೇಜನ್ನು ಹಿಡಿದು ನಿಂತು, ನಾಲ್ಕನೆಯದನ್ನೂ ಐದನೆಯದನ್ನೂ ಕೊಯ್ದರು.

ಆರನೆಯ ಗಾಜನ್ನು ಮೇಜಿಗೆ ಏರಿಸಿ, ಮೊನೆಯನ್ನು ಮಗಳತ್ತ ಚಾಚಿದರು.

"ನಾನಾ? ಒಡೆದ್ರೆ?"

"ಒಡೆದ್ರೆ ಒಡೀತು. ನಾನು ಎರಡು ಒಡೆದಿದ್ದು ಮರೆತೋಯ್ತಾ?"

ಅವಳು ಕೈ ಚಾಚಲಿಲ್ಲ. "ಮೇಜು ಬಿಟ್ಟುಕೊಡೋ ಮಾತು ಮತ್ತೆ ಶುರುವಾಯ್ತಾ ಅಪ್ಪಾ?"

"ಬಿಟ್ಟುಕೊಡೋನು ಐದನ್ನ ತಾನೇ ಕೊಯ್ತಾನೇನೇ ಹುಚ್ಚಿ? ನಂಗೆ ಕೈ ಚೆನ್ನಾಗಿರುವಾಗಲೇ ನಿಂಗೆ ತೋರಿಸ್ಬೇಕು. ಹಿಡಿ. ನೆತ್ತಿ ಹತ್ರ ಬರುವಾಗ ಕೈ ತಿರುಗಿಸ್ಬೇಡ, ಸೊಂಟ ತಿರುಗಿಸು."

ಅವಳು ಎಳೆದಳು. ಗಾಜು ಬಿಟ್ಟುಕೊಂಡಿತು. ಮೇಷ್ಟ್ರು ಅಂಚಿನ ಗುಂಟ ಹೆಬ್ಬೆರಳನ್ನು ಸವರಿ, ಒಂದು ಕಡೆ ತಡೆದು, ಕಣ್ಣನ್ನು ಕಿರಿದುಗೊಳಿಸಿದರು.

"ಇಲ್ಲಿ ಸ್ವಲ್ಪ ಉಬ್ಬಿದೆ. ಚೌಕಟ್ಟಿನ ಒಳಗೆ ಮುಚ್ಚಿಹೋಗತ್ತೆ, ಬಿಡು." ಆಮೇಲೆ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಮೇಜಿನ ಎಡಗಡೆ, ತಮ್ಮ ಹಳೆಯ ಜಾಗದಲ್ಲಿ ನಿಂತುಕೊಂಡು, "ಮುಂದಿನ ಕೆಲಸ ಯಾವುದು? ಅಳತೆ ಓದು" ಎಂದರು.