ಸೂಜಿ ಹಾಕಿದ ಕಾಲು

ಈಗಿನ ಹೆಣ್ಣುಮಕ್ಕಳು ಬೂಟು ಕಟ್ಟಿಕೊಂಡು ಓಡುತ್ತಾರೆ. ನಾವು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡಿದವರು. ನಿಮ್ಮಲ್ಲೂ ಕೆಲವರು ಹಾಗೆ ಓಡಿರುತ್ತೀರಿ. ಹಂಗಳದ ಸ್ಕೂಲಿನಲ್ಲಿ ನಾನು ಏಳನೇ ಕ್ಲಾಸು. ಗೌರಿ ಹಬ್ಬ ಕಳೆದು, ಹೊಲದಲ್ಲಿ ಜೋಳ ಆಳುದ್ದ ನಿಂತಿದ್ದ ದಿನಗಳು. ಸ್ಕೂಲಿನ ಹಿಂದೆ ಎರಡು ಕಂಬ ನೆಟ್ಟು ಖೋಖೋ ಆಡಿಸುತ್ತಿದ್ದರು. ಓಡುವುದರಲ್ಲಿ ನನ್ನನ್ನು ಮುಟ್ಟುವವರಿರಲಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ಇದ್ದದ್ದು ಹೇಳಿದೆ.

ತಾಲ್ಲೂಕು ಪಂದ್ಯ ಗುಂಡ್ಲುಪೇಟೆಯಲ್ಲಿ. ಗೆದ್ದರೆ ಮೈಸೂರು, ಆಗ ನಮಗೆ ಜಿಲ್ಲೆ ಎಂದರೆ ಮೈಸೂರೇ. ಅಲ್ಲಿ ಆಡಿ ಬಂದರೆ ಹೈಸ್ಕೂಲಿಗೆ ಹಾಸ್ಟೆಲ್ಲಿನಲ್ಲಿ ಜಾಗ ಕೊಡಿಸುತ್ತೇನೆ ಎಂದು ಡ್ರಿಲ್ ಮೇಷ್ಟ್ರು ಅಪ್ಪನಿಗೆ ಮಾತು ಕೊಟ್ಟಿದ್ದರು.

"ಹಂಗಾದ್ರೆ ಓದ್ಲಿ ಬುಡಿ," ಎಂದಿದ್ದ ಅಪ್ಪ. "ಇಲ್ದಿದ್ರೆ ಹೊಲದಲ್ಲಿ ಕಳೆ ಅದ."

ಪಂದ್ಯ ಹತ್ತಿರ ಬಂದಾಗ, ಕಂಬದ ಬಳಿ ತಿರುಗುವಾಗ ನನ್ನ ಕಾಲು ಹೊರಳಿತು. ಪಾದ ಸೋರೆಕಾಯಿ ಹಾಗೆ ಊದಿತು. ಊರಿನಲ್ಲಿ ಮೂಳೆ ಕಟ್ಟುತ್ತಿದ್ದ ಸಿದ್ದಯ್ಯ ಬಂದು, ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಮೆತ್ತಿ, ಹಿಮ್ಮಡಿಯಷ್ಟನ್ನು ಬಿಟ್ಟು ಬಟ್ಟೆ ಸುತ್ತಿ, ಬಿದಿರ ದಬ್ಬೆ ಇಟ್ಟು ಕಟ್ಟಿದ. ಉಳಿದ ಹಳದಿಯನ್ನು ಅವ್ವ ಈರುಳ್ಳಿ ಜೊತೆ ಹುರಿದು ನನಗೊಬ್ಬಳಿಗೇ ಕೊಟ್ಟಳು. ಕಾಲು ಹಸಿ ಮೊಟ್ಟೆ ನಾರುತ್ತಿತ್ತು. ಬೀದಿನಾಯಿ ಬಾಗಿಲಲ್ಲೇ ಮಲಗಿತು.

ನನ್ನ ಜೊತೆ ಆಡುತ್ತಿದ್ದ ಮಾದೇವಿ ನೋಡಲು ಬಂದಳು. "ಕಾಲ ಒಲೆ ಮುಂದ್ಕೆ ನೀಡ್ಬೇಡ ಕಣಮ್ಮಿ, ಆಮ್ಲೆಟ್ ಆಯ್ತದ."

ಸಿದ್ದಯ್ಯ ಹೋಗುವಾಗ ಅವ್ವನಿಗೆ ಹೇಳಿದ್ದ: "ದಿನಾ ಹಿಮ್ಮಡೀನ ಒತ್ತಿ ನೋಡು ಕಣವ್ವ. ಒತ್ತುದ್ರೂ ನೋಯ್ದೆ ಇರೋ ದಿನ ಕಟ್ಟು ಬಿಚ್ಚು. ಅಲ್ಲಿಗಂಟ ಮುಟ್ಬೇಡ." ಅವ್ವ ದಿನಾ ಬೆಳಿಗ್ಗೆ ಒತ್ತುತ್ತಿದ್ದಳು. ನಾನು ಕಿರುಚುತ್ತಿದ್ದೆ. ಅವಳು ಎದ್ದು ಹೋಗಿ ಮುದ್ದೆ ತಿರುವುತ್ತಿದ್ದಳು.

ಪಂದ್ಯದ ದಿನ ಬೆಳಿಗ್ಗೆ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು, ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಒಬ್ಬ ಕಾಂಪೌಂಡರನ ಮನೆಗೆ ಕರೆದೊಯ್ದರು. ಆತ ಕಟ್ಟನ್ನು ಬಿಚ್ಚಲಿಲ್ಲ. ಅದರ ಮೇಲಂಚಿನಲ್ಲಿ ಸುತ್ತಲೂ ಸೂಜಿ ಹಾಕಿದ. "ಸಾಯಂಕಾಲದವರೆಗೆ ಆಯ್ತದ," ಎಂದು ಮೇಷ್ಟ್ರಿಗೆ ಹೇಳಿದ. ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ವಾಪಸು ಬರುವಾಗ ಯಾರದೋ ಕಾಲನ್ನು ನಾನು ಹೊತ್ತುಕೊಂಡು ಬರುತ್ತಿದ್ದ ಹಾಗಿತ್ತು.

ಸೂಜಿ ಹಾಕಿಸಿದ್ದೇನೆ ಎಂದು ಮೇಷ್ಟ್ರು ಅವ್ವನಿಗೆ ಹೇಳಿದರು. ಅವ್ವ ಹಿಮ್ಮಡಿ ಒತ್ತಿದಳು. ನಾನು ಕಿರುಚಲಿಲ್ಲ. ಉಗುರು ಇಳಿಯುವ ಹಾಗೆ ಇನ್ನೊಮ್ಮೆ ಒತ್ತಿದಳು.

"ನೋಯ್ತದಾ ಅಮ್ಮಿ?"

"ಇಲ್ಲ ಕಣವ್ವ."

"ದೇವ್ರಾಣೆಗೂ?"

"ದೇವ್ರಾಣೆಗೂ ಇಲ್ಲ."

ನಮ್ಮ ಕಡೆ ಸೂಜಿ ಎಂದರೆ ರೋಗ ವಾಸಿ ಮಾಡುವ ಮದ್ದು. ಬರೀ ನೋವನ್ನು ಮುಚ್ಚಿಡುವ ಸೂಜಿಯೂ ಇರುತ್ತದೆ ಎಂದು ಅವ್ವನಿಗೆ ಯಾರು ಹೇಳಬೇಕಿತ್ತು? ಅವಳು ದಬ್ಬೆ ತೆಗೆದು, ಒಣಗಿದ ಹಿಟ್ಟನ್ನು ಒಡೆದು, ಬಿಸಿನೀರಲ್ಲಿ ಕಾಲು ತೊಳೆದಳು.

"ವಾಸಿ ಆಗ್ಬುಟ್ಟದಾ ಮೇಷ್ಟ್ರೇ?"

"ಬಸ್ಸಿಗೆ ಹೊತ್ತಾಯ್ತು ಕಣಮ್ಮ," ಎಂದರು ಮೇಷ್ಟ್ರು.

ಗುಂಡ್ಲುಪೇಟೆಯಲ್ಲಿ ಆಡಿದೆ. ಯಾರ ಕೈಗೂ ಸಿಗಲಿಲ್ಲ. ಒಮ್ಮೆ ತಿರುಗಿದಾಗ ಹಸಿ ಜೋಳದ ದಂಟು ಮುರಿದಂಥ ಸದ್ದು ಬಂತು. ಯಾರೋ ಕಡ್ಡಿ ತುಳಿದರು ಎಂದುಕೊಂಡು ಓಡಿದೆ. ಗೆರೆಯಾಚೆ ಸರದಿಗೆ ಕಾಯುತ್ತ ಕೂತಿದ್ದ ಮಾದೇವಿ, "ನಿನ್ ಕಾಲ್ ನೋಡ್ಕೊಳಮ್ಮಿ, ಸೊಟ್ಟಕ್ಕೆ ಬೀಳ್ತಾ ಅದ," ಎಂದು ಕೂಗಿದಳು. ನೋಡಿದೆ. ಬೀಳುತ್ತಿತ್ತು. ನೋಯುತ್ತಿರಲಿಲ್ಲ, ಅದಕ್ಕೇ ಓಡಿದೆ. ಗೆದ್ದೆವು.

ವಾಪಸು ಬಸ್ಸಿನಲ್ಲಿ ಸೂಜಿಯ ಮತ್ತು ಇಳಿಯಿತು. ಮಾದೇವಿಯ ತೋಳನ್ನು ಕಚ್ಚಿ ಹಿಡಿದೆ. ಬಾಯಿಬಡುಕಿ, ಅವತ್ತು ಬೈಯಲಿಲ್ಲ. ಮೇಷ್ಟ್ರು ಮುಂದಿನ ಸೀಟಿನಲ್ಲಿದ್ದರು, ಹಿಂದಕ್ಕೆ ತಿರುಗಲಿಲ್ಲ.

ಸಿದ್ದಯ್ಯ ಕಾಲು ನೋಡಿ ಕೇಳಿದ: "ಯಾರು ಬಿಚ್ಚುದ್ದು?"

"ನೀನೇ ಹೇಳುದ್ಯಲ್ಲ," ಎಂದಳು ಅವ್ವ. "ಒತ್ತುದೆ. ನೋಯ್ನಿಲ್ಲ."

ಅವನು ಮೊಟ್ಟೆ ತರಲು ಹೇಳಿದ.

ಮೈಸೂರಿಗೆ ಬೇರೊಬ್ಬಳು ಹೋದಳು. ಕಾಲು ಸೊಟ್ಟಗೇ ಕೂಡಿಕೊಂಡಿತು. ಸ್ಕೂಲು ಅಲ್ಲಿಗೆ ನಿಂತಿತು. ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಆ ಕಾಲಲ್ಲೇ ಕಳೆ ಕಿತ್ತೆ, ಮದುವೆಯಾದೆ, ಮಕ್ಕಳನ್ನು ಹೊತ್ತೆ. ಅತ್ತು ಮಾಡುವುದೇನೂ ಇಲ್ಲ.

ಈಗ ಮೊಮ್ಮಗಳು ಚಾಮರಾಜನಗರದಲ್ಲಿ ಖೋಖೋ ಆಡುತ್ತಾಳೆ. ಕಾಲು ಹೊರಳಿದರೆ ಐಸ್ ಇಟ್ಟು ಕೂರಿಸುತ್ತಾರಂತೆ, ವಾಸಿಯಾಗುವ ತನಕ ಆಟಕ್ಕಿಳಿಸುವುದಿಲ್ಲವಂತೆ. ಕೂರಿಸಲಿ. ಮೊನ್ನೆ ಅವಳು, "ಅಜ್ಜಿ, ನಿನ್ ಕಡೇ ಮ್ಯಾಚು ಹೆಂಗಿತ್ತು?" ಎಂದು ಕೇಳಿದಳು.

ಸದ್ದು ನೆನಪಿದೆ, ಚಪ್ಪಾಳೆ ನೆನಪಿದೆ, ಬಾಯಿಗೆ ಬಂದ ಧೂಳಿನ ರುಚಿಯೂ ಇದೆ. ನಮ್ಮ ಸ್ಕೂಲಿನ ಹಿಂದಿನ ನೆಲ ಮಧ್ಯಾಹ್ನ ಎಷ್ಟು ಸುಡುತ್ತಿತ್ತು, ಎಲ್ಲಿ ಕಲ್ಲು ಚುಚ್ಚುತ್ತಿತ್ತು, ಈಗಲೂ ಹೇಳುತ್ತೇನೆ. ಗುಂಡ್ಲುಪೇಟೆಯಲ್ಲಿ ಕಡೆಯ ಸಲ ಓಡಿದ ನೆಲ ಬಿಸಿಯಿತ್ತೋ ತಣ್ಣಗಿತ್ತೋ, ಆ ಕಾಲಿಗೆ ಗೊತ್ತಾಗಲಿಲ್ಲ.