ತಿರುಗಿ ನೋಡಿದರೆ ಸೋಲು

ಲಾಂಗೊ ಜನರಲ್ಲಿ ಮುಖ ಕೆಳಗಾಗಿ ಹುಟ್ಟಿದ ಹೆಣ್ಣುಮಗುವಿಗೆ ಔಮಾ ಎಂದು ಹೆಸರಿಡುತ್ತಾರೆ. ಹುಟ್ಟುವಾಗ ಕೆಳಗೆ ಹಾಕಿದ ಮುಖವನ್ನು ಇವಳು ಇನ್ನೂ ಎತ್ತಿಲ್ಲ ಎಂದು ಬೋರ್ಡಿಂಗ್ ಶಾಲೆಯ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಹೆಚ್ಚಿರಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಡೆಸ್ಕಿನ ಮರದ ಗಂಟು ನೋಡುತ್ತ ನಿಲ್ಲುವವಳು. ಊಟದ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಹಿಂದೆ ಸರಿದು ಜಾಗ ಬಿಡುವವಳು. ಅಂಥವಳು ಪ್ರೌಢಶಾಲೆಯ ಮೂರನೆಯ ವರ್ಷದಲ್ಲಿ ಆರೋಗ್ಯ ನಾಯಕಿಯ ಚುನಾವಣೆಗೆ ಹೆಸರು ಕೊಟ್ಟಳು ಎಂದಾಗ ಮೊದಲು ನಕ್ಕವರು ಅಡುಗೆಮನೆಯವರು.

ಅವಳಿಗೆ ಬೇಕಾಗಿದ್ದದ್ದು ಕಾಯಿಲೆ ಕೋಣೆಯ ಬೀಗದ ಕೈ.

ಆ ಕೋಣೆಯಲ್ಲಿ ಎರಡು ಮಂಚ, ಒಂದು ನೀರಿನ ಹೂಜಿ, ನೋವಿನ ಮಾತ್ರೆಯ ಡಬ್ಬಿ ಇದ್ದವು. ಮೇಟ್ರನ್ ಬರುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಮಿಕ್ಕ ಹೊತ್ತು ಬೀಗದ ಕೈ ಆರೋಗ್ಯ ನಾಯಕಿಯ ಕೊರಳಲ್ಲಿ ತೂಗುತ್ತಿತ್ತು. ಅವಳು ನಂಬಿದರೆ ಬಾಗಿಲು ತೆರೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಔಮಾಳ ತಂಗಿ ಅಕುಲ್ಲು ಅದೇ ಶಾಲೆಯಲ್ಲಿ ಮೊದಲನೆಯ ವರ್ಷದಲ್ಲಿದ್ದಳು. ಅವಳ ರಕ್ತದ ಕೆಂಪು ಕಣಗಳು ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಬಾಯಾರಿಕೆ, ಚಳಿ, ಬಿಸಿಲಿನ ದಣಿವು, ಯಾವುದಾದರೊಂದು ಸಾಕು, ಮೂಳೆಯೊಳಗೆ ನೋವು ಏಳುತ್ತಿತ್ತು. ಹೊರಗೆ ಗಾಯ ಕಾಣದು, ಎಷ್ಟೋ ಸಲ ಜ್ವರವೂ ಇರದು. ನೋಡುವವರು ಅವಳ ಮಾತನ್ನು ನಂಬಬೇಕಿತ್ತು.

ಆ ಚುನಾವಣೆಗೆ ಮುಂಚೆ ಆರೋಗ್ಯ ಉಪನಾಯಕಿಯಾಗಿದ್ದ, ನಾಯಕಿ ಇಲ್ಲದಾಗ ಬೀಗದ ಕೈ ಹಿಡಿಯುತ್ತಿದ್ದ ಅಚೆಂಗ್ ನಂಬಿರಲಿಲ್ಲ.

"ಮತ್ತೆ ಬಂದ್ಯಾ? ಮರಗೆಣಸಿನ ತೋಟ ಅಗೆಯೋ ದಿನಾನೇ ನಿನ್ನ ಮೂಳೆ ನೋಯುತ್ತಲ್ಲ, ಅದೇನು ಮೂಳೆಗೂ ಟೈಮ್‌ಟೇಬಲ್ ಇದೆಯೇನೇ?"

ಸುತ್ತ ನಿಂತವರು ನಕ್ಕರು. ಪಕ್ಕದಲ್ಲಿದ್ದ ಔಮಾ ತಂಗಿಯ ಕೈ ಹಿಡಿದುಕೊಂಡು ನೆಲ ನೋಡಿದಳು. ಅಕುಲ್ಲು ಗುದ್ದಲಿ ಹೊತ್ತು ತೋಟಕ್ಕೆ ಹೋದಳು. ವಾಪಸು ಬಂದದ್ದು ಇತರರ ತೋಳಿನ ಮೇಲೆ. ಲಿರಾ ಪಟ್ಟಣದ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದಳು.

ಅವಳನ್ನು ಮನೆಗೆ ಕರೆತಂದ ಸಂಜೆ ಅಪ್ಪ ಕೈ ತೊಳೆಯುತ್ತ ಹೇಳಿದ, "ಇನ್ನೊಂದು ಸಲ ಹೀಗಾದ್ರೆ ಇವಳು ಮನೇಲೇ ಇರ್ಲಿ. ಓದಿ ಸಾಯೋ ಬದಲು ಓದದೆ ಬದುಕಲಿ." ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾದ ಅಕುಲ್ಲು ಅಂದು ರಾಗಿ ಮುದ್ದೆ ಮುಟ್ಟಲಿಲ್ಲ. ಔಮಾ ಹೆಸರು ಕೊಡಲು ತೀರ್ಮಾನಿಸಿದ್ದು ಆ ಮುರಿಯದ ಮುದ್ದೆಯ ಮುಂದೆ ಕೂತಾಗ.

ಪ್ರಚಾರದ ಭಾರವನ್ನು ಗೆಳತಿ ಅಪಿಯೊ ಹೊತ್ತಳು. ಅವಳಿಗೆ ಮಾತು ಕಡಿಮೆಯಿರಲಿಲ್ಲ.

"ಭಾಷಣ ಮಾಡುವಾಗ ಜನರ ಕಣ್ಣು ನೋಡು."

"ಆಗಲ್ಲ ಕಣೇ."

"ಹಾಗಾದ್ರೆ ಹಣೆ ನೋಡು."

"ಅದೂ ಕಣ್ಣಿನ ಪಕ್ಕಾನೇ ಇರುತ್ತಲ್ಲ."

ಅಪಿಯೊ ತನ್ನ ಹಣೆ ಚಚ್ಚಿಕೊಂಡಳು. "ಸರಿ, ನೆಲಾನೇ ನೋಡು. ಆದ್ರೆ ಜೋರಾಗಿ ಮಾತಾಡು, ಇರುವೆಗಳಿಗಾದ್ರೂ ಕೇಳಿಸ್ಲಿ."

ಸಭೆಯಲ್ಲಿ, ಎದುರಾಳಿಯಾಗಿ ನಿಂತಿದ್ದ ಅಚೆಂಗ್ ಅಂಗಳ ಗುಡಿಸುವುದರಿಂದ ಹಿಡಿದು ಹಲ್ಲುಜ್ಜುವವರೆಗೆ ಚೆನ್ನಾಗಿ ಮಾತಾಡಿದಳು. ಔಮಾಳ ಸರದಿ ಬಂದಾಗ ಕಿರುನಗೆಯ ಅಲೆಯೊಂದು ಸಭೆಯ ಹಿಂದಿನವರೆಗೆ ಹೋಗಿ ಬಂತು. ಅದು ನಿಲ್ಲುವವರೆಗೆ ಕಾದು ಅವಳು ಹೇಳಿದಳು: "ಕಾಯಿಲೆ ಕೋಣೆಗೆ ಬೀಗ ಹಾಕಲ್ಲ. ನೋವು ಅಂದವರನ್ನ ನಂಬ್ತೀನಿ. ಅಷ್ಟೆ." ಕೂತಳು. ಯಾರೂ ನಗಲಿಲ್ಲ. ಆಮೇಲೆ ಮೊದಲನೆಯ ವರ್ಷದ ಚಿಕ್ಕ ಹುಡುಗಿಯರು, ಬೀಗದ ಮುಂದೆ ಹೆಚ್ಚು ನಿಂತವರು ಅವರೇ ಆದ್ದರಿಂದ, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು.

ಆ ಶಾಲೆಯಲ್ಲಿ ಮತಪೆಟ್ಟಿಗೆ ಇರಲಿಲ್ಲ. ಹಳ್ಳಿಯ ಅಧ್ಯಕ್ಷನನ್ನು ಆರಿಸುವಂತೆಯೇ ಇಲ್ಲೂ ಬೇಕಾದವರ ಬೆನ್ನ ಹಿಂದೆ ಸಾಲು ನಿಲ್ಲುವುದು. ಅಭ್ಯರ್ಥಿಗಳು ಬಾವುಟದ ಕಂಬಕ್ಕೆ ಮುಖ ಮಾಡಿ ನಿಲ್ಲಬೇಕು. ಹಿಂದೆ ಯಾರಿದ್ದಾರೆಂದು ನೋಡಬಾರದು. ಚಿಕ್ಕವರನ್ನು ಕಣ್ಣಲ್ಲೇ ಹೆದರಿಸಬಾರದೆಂದು ಮಾಡಿದ ಕಟ್ಟಳೆ ಅದು. ಎಣಿಕೆ ಮುಗಿಯುವ ಮುಂಚೆ ತಿರುಗಿದವಳು ಅಲ್ಲಿಗೇ ಸೋತಳು. ವರ್ಷಗಳು ಕಳೆದಂತೆ ಈ ಕಟ್ಟಳೆಯ ಸುತ್ತ ಒಂದು ಆಟ ಬೆಳೆದಿತ್ತು. ಎದುರು ಸಾಲಿನವರು ಏನೇನೋ ಕೂಗಿ ಅಭ್ಯರ್ಥಿಯನ್ನು ತಿರುಗಿಸಲು ನೋಡುತ್ತಿದ್ದರು. ಮೇಷ್ಟ್ರುಗಳೂ ನಗುತ್ತಿದ್ದರು.

"ಈ ಆಟಕ್ಕೆ ಹುಟ್ಟಿದವಳೇ ನೀನು. ಯಾರು ಕೂಗಿದ್ರೂ ನೀನು ಯಾವತ್ತು ತಿರುಗಿದ್ದೀಯ?" ಎಂದಳು ಅಪಿಯೊ.

ಆ ದಿನ ಬಿಸಿಲು ಹೆಚ್ಚಿತ್ತು. ಮಳೆಗಾಲಕ್ಕೆ ಮುಂಚಿನ ಬಿಸಿಲು, ಅಂಗಳದ ಕೆಂಪು ಮಣ್ಣು ಚಪ್ಪಲಿಯ ಮೂಲಕ ಸುಡುತ್ತಿತ್ತು. ಔಮಾ ಬೆಳಿಗ್ಗೆಯೇ ತಂಗಿಗೆ ಹೇಳಿದ್ದಳು, "ನೀನು ಬರಬೇಡ. ನೆರಳಲ್ಲಿ ಮಲಗು, ನೀರು ಕುಡೀತಾ ಇರು. ನಿನ್ನೊಬ್ಬಳಿಂದ ನಾನೇನೂ ಸೋಲಲ್ಲ."

"ನನಗೋಸ್ಕರ ನಿಂತಿದ್ದೀಯ, ನಿನ್ನ ಹಿಂದೆ ನಾನೇ ಇಲ್ದಿದ್ರೆ ಹೇಗಕ್ಕಾ?"

"ಮಲಗು ಅಂದೆ."

ಅಕುಲ್ಲು ಮಲಗಿದಳು. ರಾತ್ರಿಯಿಂದಲೇ ಎದೆಯಲ್ಲಿ ಏನೋ ಚುಚ್ಚುತ್ತಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಅಕ್ಕ ಅಂಗಳಕ್ಕೇ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಾಲುಗಳು ಕೂಡಿಕೊಂಡ ಮೇಲೆ ಮೆಲ್ಲಗೆ ಎದ್ದುಬಂದು ಔಮಾಳ ಸಾಲಿನ ತುದಿಯಲ್ಲಿ ನಿಂತಳು.

ಒಗ್ವಾಲ್ ಮೇಷ್ಟ್ರು ಒಂದು ಕೋಲು ಹಿಡಿದು ಮುಂದಿನಿಂದ ಎಣಿಸತೊಡಗಿದರು. ಕೋಲು ಭುಜ ಮುಟ್ಟಿದರೆ ಲೆಕ್ಕಕ್ಕೆ ಸೇರಿದಂತೆ. ಮುಟ್ಟುವ ಮುಂಚೆ ಸಾಲು ಬಿಟ್ಟವಳು ಲೆಕ್ಕಕ್ಕಿಲ್ಲ. ಅವರು ಎಣಿಸಿದ್ದು ಮೊದಲು ಅಚೆಂಗಳ ಸಾಲನ್ನು. ಆ ಹೊತ್ತಿಗೆ ಆಟ ಕಾವೇರಿತ್ತು.

"ಔಮಾ, ಕಾಲ ಹತ್ರ ಹಾವು ನೋಡೇ."

"ಔಮಾ, ಲಂಗ ಹರಿದಿದೆ, ಎಲ್ಲಾ ಕಾಣ್ತಿದೆ."

"ಅಯ್ಯೋ, ನಿಮ್ಮಪ್ಪ ಬಂದ್ರು ಸೈಕಲ್ ಮೇಲೆ. ನಿಂಗೆ ಗಂಡು ನೋಡ್ಕೊಂಡು ಬಂದಿದ್ದಾರಂತೆ."

ಔಮಾ ಕಂಬದ ಬುಡದ ಸುಣ್ಣವನ್ನೇ ನೋಡುತ್ತ ನಿಂತಿದ್ದಳು. ಬದುಕಿನಲ್ಲಿ ಮೊದಲ ಸಲ ತನ್ನ ಸಂಕೋಚ ಕೆಲಸಕ್ಕೆ ಬಂತಲ್ಲ ಎಂದು ಅವಳಿಗೆ ಸಣ್ಣ ಸಂತೋಷವೂ ಆಗಿತ್ತು.

"ಔಮಾ, ನಿನ್ನ ತಂಗಿ ಬಿದ್ಲು."

ಅವಳ ಕತ್ತಿನ ನರ ಸೆಳೆಯಿತು. ಹಿಂದೆಯೇ ನಿಂತಿದ್ದ ಅಪಿಯೊ ಪಿಸುಗುಟ್ಟಿದಳು, "ತಿರುಗಬೇಡ. ಇದೇ ಅವರ ಕೊನೇ ಬಾಣ. ನಿನ್ನ ತಂಗಿ ರೂಮಲ್ಲಿ ಮಲಗಿದ್ದಾಳೆ."

ಹೌದಲ್ಲ, ಮಲಗಿದ್ದಾಳೆ. ಹಿಂದೆ ಯಾರೋ ನಕ್ಕರು. ಅದೇ ದನಿ ಇನ್ನೊಮ್ಮೆ ಕೂಗಿತು, "ನಿಜವಾಗ್ಲೂ ಔಮಾ, ಬಿದ್ದಿದ್ದಾಳೆ." ಎಲ್ಲರೂ ಹೀಗೇ ನಿಜವಾಗ್ಲೂ ಎನ್ನುತ್ತಾರೆ. ಔಮಾ ತಿರುಗಲಿಲ್ಲ.

ಸಾಲಿನ ತುದಿಯಲ್ಲಿ ಅಕುಲ್ಲು ಮಣ್ಣಿನ ಮೇಲೆ ಕುಸಿದು ಕೂತಿದ್ದಳು. ಅಕ್ಕಪಕ್ಕದ ಇಬ್ಬರು ಹುಡುಗಿಯರು ಅವಳನ್ನು ನೆರಳಿಗೆ ಒಯ್ಯಲು ಬಗ್ಗಿದಾಗ ಅವಳೇ ಬೇಡವೆಂದಳು. "ಮೇಷ್ಟ್ರು ಇಲ್ಲಿಗೆ ಬರೋವರೆಗೆ ಹಿಡ್ಕೊಳ್ಳಿ. ಎಣಿಸಿದ ಮೇಲೆ ಹೋಗೋಣ." ಹನ್ನೆರಡು ಹದಿಮೂರರ ಮಕ್ಕಳು ಅವರು. ಹೇಳಿದಂತೆಯೇ ಮಾಡಿದರು. ಕಂಕುಳಿಗೆ ಕೈ ಕೊಟ್ಟು ಎತ್ತಿ, ನಡುವೆ ನಿಲ್ಲಿಸಿಕೊಂಡರು. ಒಗ್ವಾಲ್ ಮೇಷ್ಟ್ರು ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದರು. ಹುಡುಗಿಯರು ಒಬ್ಬರಿಗೊಬ್ಬರು ಒರಗಿ ನಿಂತದ್ದು ಅವರಿಗೆ ಸೋಮಾರಿತನವಾಗಿ ಕಂಡಿತು. "ನೆಟ್ಟಗೆ ನಿಲ್ಲಿ," ಎಂದರು. ಕೋಲು ಅಕುಲ್ಲುವಿನ ಭುಜ ಮುಟ್ಟಿತು.

ಔಮಾ ಗೆದ್ದಳು, ಸುಲಭವಾಗಿಯೇ. ಆ ತುದಿಯ ಮೂವರು ಸಾಲು ಬಿಟ್ಟು ಹೋಗಿದ್ದರೂ ಗೆಲ್ಲುತ್ತಿದ್ದಳು.

ಬೀಗದ ಕೈಯನ್ನು ಅವಳ ಕೊರಳಿಗೆ ಹಾಕಿದ ಮೇಲೆ ತಿರುಗಲು ಅಪ್ಪಣೆಯಾಯಿತು. ಕುಣಿಯುತ್ತ ಬಂದವರ ತಲೆಗಳ ಆಚೆ ಒಂದಿಷ್ಟು ಜನ ಸುತ್ತುಗಟ್ಟಿದ್ದು ಕಂಡಿತು. ಓಡಿದಳು. ತಂಗಿಯನ್ನು ಹೊತ್ತು ಕಾಯಿಲೆ ಕೋಣೆಗೆ ತಂದರು. ತಂಗಿಯನ್ನು ಬಿಡದ ಅವಳ ಕೊರಳಿಂದ ಬೀಗದ ಕೈ ತೆಗೆದುಕೊಂಡು ಅಪಿಯೊ ಬಾಗಿಲು ತೆರೆದಳು. ಹೊಸ ನಾಯಕಿಯ ಮೊದಲ ರೋಗಿಗೆ ನೀರು ಗಂಟಲಿಳಿಯಲಿಲ್ಲ. ಉಸಿರು ಮೇಲೆ ಮೇಲೆ ಆಡುತ್ತಿತ್ತು.

ಶಾಲೆಯ ಪಿಕಪ್ ಜೋಳದ ಹಿಟ್ಟು ತರಲು ಹೋಗಿತ್ತು. ಬಾಡಿಗೆ ಬೈಕಿನವನ ಬೆನ್ನಿಗೂ ತನ್ನ ಎದೆಗೂ ನಡುವೆ ತಂಗಿಯನ್ನು ಒತ್ತಿಕೊಂಡು ಔಮಾ ಲಿರಾ ದಾರಿ ಹಿಡಿದಳು.

"ಗೆದ್ವಾ ಅಕ್ಕಾ?"

"ಗೆದ್ವಿ. ಮಾತಾಡಬೇಡ."

"ನನ್ನನ್ನೂ ಎಣಿಸಿದ್ರು."

ಆಸ್ಪತ್ರೆ ಮುಟ್ಟುವ ಮುಂಚೆಯೇ ಆ ಮೈಯ ಭಾರ ಬದಲಾದದ್ದು ಔಮಾಳಿಗೆ ಗೊತ್ತಾಯಿತು. ಬೈಕಿನವನಿಗೆ ಹೇಳಲಿಲ್ಲ. ಅವನು ಹಾರ್ನ್ ಒತ್ತುತ್ತಲೇ ಇದ್ದ.

ಮಣ್ಣು ಮಾಡಿದ ಮೇಲೆ ಅಪ್ಪ ಅವಳನ್ನು ಬೈಯಲಿಲ್ಲ. "ಶಾಲೆಗೆ ಹೋಗು" ಎಂದಷ್ಟೇ ಹೇಳಿದ. ಅವಳು ಹೋದಳು. ಬಾವಿಯ ಹತ್ತಿರ ಅಚೆಂಗ್ ಎದುರಾದಳು. ಬಕೆಟ್ಟಿನ ಹಿಡಿ ತಿರುವುತ್ತ, "ಕೂಗಿದ್ದು ನಮ್ಮ ಸಾಲಿನವಳೇ. ಆದ್ರೆ ಆಟಕ್ಕಲ್ಲ," ಎಂದಳು.

"ಗೊತ್ತು."

"ನಾನೂ ನಂಬ್ಲಿಲ್ಲ, ಔಮಾ."

ಔಮಾ ಅವಳ ಬಕೆಟ್ಟನ್ನೂ ತುಂಬಿಸಿ ಕೊಟ್ಟಳು.

ಆ ವರ್ಷವಿಡೀ ಕಾಯಿಲೆ ಕೋಣೆಗೆ ಬೀಗ ಬೀಳಲಿಲ್ಲ. ತೋಟ ಅಗೆಯುವ ದಿನ ಮಂಚಗಳು ತುಂಬಿ ನೆಲದ ಮೇಲೂ ಹುಡುಗಿಯರು ಮಲಗಿರುತ್ತಿದ್ದರು. "ಅರ್ಧಕ್ಕರ್ಧ ಸುಳ್ಳಿಯರು," ಎಂದು ಮೇಟ್ರನ್ ಗೊಣಗಿದರೆ, "ಇರಲಿ ಬಿಡಿ ಅಮ್ಮಾ," ಎನ್ನುತ್ತಿದ್ದಳು ಔಮಾ. ವರ್ಷದ ಕೊನೆಗೆ ಒಗ್ವಾಲ್ ಮೇಷ್ಟ್ರ ಬಳಿ ಹೋಗಿ, ಅಭ್ಯರ್ಥಿಗಳನ್ನು ಸಾಲಿಗೆ ಮುಖ ಮಾಡಿ ನಿಲ್ಲಿಸಿ ಎಂದು ಕೇಳಿದಳು. ಇನ್ನು ತಾನು ಎಣಿಸಲಾರೆನೆಂದು ಅವರು ಕೋಲನ್ನು ಬೇರೆ ಮೇಷ್ಟ್ರಿಗೆ ಒಪ್ಪಿಸಿದರು. ಕಟ್ಟಳೆಯನ್ನು ಬದಲಿಸಲು ಅವರಿಂದ ಆಗಲಿಲ್ಲ. ಚಿಕ್ಕವರು ಹೆದರುತ್ತಾರೆ ಎಂದು ಉಳಿದವರು ಅಂದರಂತೆ.

ಈಗ ಔಮಾ ಕ್ವಾನಿಯಾ ಸರೋವರದ ದಡದ ಆರೋಗ್ಯ ಕೇಂದ್ರದಲ್ಲಿ ನರ್ಸ್. ಇವತ್ತಿಗೂ ಮಾತಾಡುವಾಗ ನೆಲ ನೋಡುತ್ತಾಳೆ. ಹಳ್ಳಿಯ ಚುನಾವಣೆಯ ದಿನ ಯಾರ ಸಾಲಿನಲ್ಲೂ ನಿಲ್ಲುವುದಿಲ್ಲ. ಅವಳಿಗೊಂದು ಅಭ್ಯಾಸವಿರುವುದು ಊರಿನ ಮಕ್ಕಳಿಗೆಲ್ಲ ಗೊತ್ತು. ಅವಳು ಮೀನಿನ ಸಂತೆಯಿಂದ ಮನೆಗೆ ಹೋಗುವಾಗ ಅವು ಬೇಲಿಯ ಮರೆಯಲ್ಲಿ ಕಾದು ಕೂತು, "ಔಮಾ ಸಿಸ್ಟರ್, ಹಾವು," ಎಂದು ಕೂಗುತ್ತವೆ.

ಅವಳು ನಿಂತು, ಚೀಲ ಕೆಳಗಿಟ್ಟು, ಪೂರ್ತಿ ತಿರುಗಿ ನೋಡುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಬಿದ್ದವು ಎದ್ದು ನಿಲ್ಲುವವರೆಗೆ ನೋಡುತ್ತಿದ್ದು, ಆಮೇಲೆ ಚೀಲ ಎತ್ತಿಕೊಂಡು ಹೊರಡುತ್ತಾಳೆ.